ವಾಷಿಂಗ್ ಮೆಷಿನ್ ಕೈಕೊಟ್ಟರೆ ಮೊದಲು ನೀರಿನ ದಾರಿ ನೋಡಿ

ಮೆಷಿನ್ ನಿಂತ ಕೂಡಲೇ "ಬೋರ್ಡು ಸುಟ್ಟಿತು" ಎಂದು ಗಾಬರಿಯಾಗಬೇಡಿ. ಬಾವಿ ನೀರನ್ನು ಟಾಂಕಿಗೆ ಏರಿಸುವ ನಮ್ಮ ಕಡೆಯ ಮನೆಗಳಲ್ಲಿ ತಕರಾರು ಹೆಚ್ಚಾಗಿ ನೀರು ಒಳಬರುವಲ್ಲಿ, ಇಲ್ಲವೇ ಹೊರಹೋಗುವಲ್ಲಿ ಇರುತ್ತದೆ.

ನೀರು ಸಣ್ಣಗೆ ಬರುತ್ತಿದೆಯೇ? ನಲ್ಲಿ ಕಟ್ಟಿ, ಪ್ಲಗ್ ಕಿತ್ತು, ಹಿಂಬದಿಯ ಪೈಪನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಪೈಪು ಸೇರುವ ಮೆಷಿನ್ನಿನ ಬಾಯಲ್ಲಿ ಬೆರಳ ತುದಿಯಷ್ಟು ಪುಟ್ಟ ಜಾಲರಿ ಇದೆ. ಮಳೆಗಾಲದ ಹೊತ್ತಿಗೆ ಅದರ ಮೇಲೆ ಕೆಂಪು ರಾಡಿ ಮೆತ್ತಿಕೊಂಡು ಕೆನೆಯಂತೆ ಕೂತಿರುತ್ತದೆ. ಇಕ್ಕಳದಿಂದ ನೇರವಾಗಿ ಎಳೆದು, ಲಿಂಬೆರಸ ಹಿಂಡಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ಪಿನ್ನು ಹಾಕಿ ಚುಚ್ಚಬೇಡಿ. ಜಾಲರಿ ಹರಿದರೆ ಮರಳು ನೀರು ಬಿಟ್ಟು ತಡೆಯುವ ವಾಲ್ವಿನೊಳಗೆ ಹೋಗಿ ಕೂರುತ್ತದೆ, ಆಮೇಲೆ ನೀರು ನಿಲ್ಲುವುದೇ ಇಲ್ಲ.

ನೀರು ತುಂಬುತ್ತಲೇ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ನೀರು ಬರುತ್ತಿರುವಾಗಲೇ ಪ್ಲಗ್ ತೆಗೆಯಿರಿ. ಆಗಲೂ ನೀರು ಬಂದರೆ ದೋಷ ವಾಲ್ವಿನದು. ನಿಂತರೆ, ಮಟ್ಟ ಅಳೆಯುವ ಸ್ವಿಚ್ಚಿನದೋ ಅದಕ್ಕೆ ಹೋಗುವ ಸಪೂರ ಗಾಳಿ ಪೈಪಿನದೋ ಇರಬೇಕು. ಜಾಲರಿ ಚೊಕ್ಕವಾಗಿದ್ದೂ ನೀರು ನಿಧಾನವಾದರೆ ಟಾಂಕಿಯ ಎತ್ತರ ನೋಡಿ. ಅನೇಕ ಮೆಷಿನ್ನುಗಳಿಗೆ ಕನಿಷ್ಠ 0.3 ಬಾರ್ ಒತ್ತಡ ಬೇಕು, ಅಂದರೆ ನೀರಿನ ಮಟ್ಟ ಮೆಷಿನ್ನಿಗಿಂತ ಸುಮಾರು 10 ಅಡಿ ಮೇಲಿರಬೇಕು. ಹೆಂಚಿನ ಮನೆಯ ಬಚ್ಚಲ ಮಗ್ಗುಲಲ್ಲಿ ಗಿಡ್ಡ ಕಟ್ಟೆಯ ಮೇಲಿಟ್ಟ ಟಾಂಕಿಗೆ ಅಷ್ಟು ಒತ್ತಡ ಎಲ್ಲಿಂದ ಬರಬೇಕು!

ನೀರು ಹೊರಹೋಗದಿದ್ದರೆ, ಮುಂದೆ ಬಾಗಿಲಿರುವ ಮೆಷಿನ್ನಿನ ಕೆಳಮೂಲೆಯ ಪುಟ್ಟ ಮುಚ್ಚಳ ತೆಗೆಯಿರಿ. ಪ್ಲಗ್ ಕಿತ್ತಿರಬೇಕು, ಒಳಗಿನ ನೀರು ತಣ್ಣಗಾಗಿರಬೇಕು. ಅಗಲದ ತಟ್ಟೆ ಇಟ್ಟುಕೊಂಡು ಫಿಲ್ಟರನ್ನು ಕಾಲು ಸುತ್ತು ಸಡಿಲಿಸಿ, ನೀರು ಇಳಿದ ಮೇಲೆ ಮತ್ತೆ ಕಾಲು ಸುತ್ತು. ನಾಣ್ಯ, ಹೇರ್‌ಪಿನ್, ಅಂಗಿಯ ಗುಂಡಿ, ತೋಟದ ಬಟ್ಟೆಯಾದರೆ ಕಿಸೆಯ ಅಡಿಕೆ ಹೋಳು, ಎಲ್ಲ ಅಲ್ಲಿ ಸಿಗುತ್ತದೆ. ಒಳಗೆ ಟಾರ್ಚ್ ಬಿಟ್ಟರೆ ಪಂಪಿನ ಪುಟ್ಟ ಫ್ಯಾನ್ ಕಾಣುತ್ತದೆ. ಬೆರಳಲ್ಲಿ ತಿರುಗಿಸಿದಾಗ ತಡೆತಡೆದು ಹಾರಿದ ಹಾಗೆ ತಿರುಗಿದರೆ ಅದು ಆಯಸ್ಕಾಂತದ ಗುಣ, ಕೆಟ್ಟದ್ದೆಂದು ತಿಳಿಯಬೇಡಿ. ನೂಲು, ಕೂದಲು ಸುತ್ತಿಕೊಂಡಿದ್ದರೆ ಬಿಡಿಸಿ.

ಈ ಬಗೆಯ ಮೆಷಿನ್ನಿನ ಹೊರಪೈಪಿನ ತುದಿ ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು. ತೆಂಗಿನ ಬುಡಕ್ಕೆ ನೀರಾಗಲೆಂದು ನೆಲಕ್ಕೆ ಬಿಟ್ಟರೆ ತುಂಬಿದ ನೀರು ತಾನೇ ಹರಿದುಹೋಗುತ್ತದೆ, ಮೆಷಿನ್ ತುಂಬಿಸುತ್ತಲೇ ಇರುತ್ತದೆ. ಮೇಲೆ ಬಾಗಿಲಿರುವವುಗಳಲ್ಲಿ ಪಂಪಿಲ್ಲದವಕ್ಕೆ ಇದಕ್ಕೆ ತಿರುಗಾಮುರುಗಾ: ಅವುಗಳ ಪೈಪು ನೆಲಕ್ಕೇ ಇರಲಿ.

ಸೆಮಿ ಆಟೋಮ್ಯಾಟಿಕ್‌ನಲ್ಲಿ ಹಿಂಡುವ ಡಬ್ಬಿ ಗುಂಯ್ ಎನ್ನುತ್ತ ತಿರುಗದಿದ್ದರೆ ಪ್ಲಗ್ ಕಿತ್ತು, ಮುಚ್ಚಳ ಮುಚ್ಚಿದಾಗ ಬಿಡುವ ಬ್ರೇಕನ್ನು ಹಾಗೆಯೇ ಬಿಡಿಸಿಟ್ಟು ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಿದ್ದರೆ ಅಡಿಯಲ್ಲಿ ಕರವಸ್ತ್ರವೋ ಕಾಲುಚೀಲವೋ ಸಿಕ್ಕಿಕೊಂಡಿದೆ, ಇಲ್ಲವೇ ಬ್ರೇಕಿನ ತಂತಿ ಜಾರಿದೆ. ಸಲೀಸಾಗಿ ತಿರುಗಿದರೆ ಅನುಮಾನ ಕೆಪಾಸಿಟರ್ ಮೇಲೆ, ಅಂದರೆ ಮೋಟಾರು ತಿರುಗಲು ನೂಕು ಕೊಡುವ ಬಿಡಿಭಾಗದ ಮೇಲೆ. ಹಳೆಯದರ ಮೈಮೇಲೆ ಬರೆದಷ್ಟೇ ಮೈಕ್ರೊಫ್ಯಾರಡ್‌ನದನ್ನು (ಕೆಪಾಸಿಟರಿನ ಅಳತೆ) ತನ್ನಿ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ, ಬದಲಿಸುವ ಕೆಲಸ ತಿಳಿದವರೇ ಮಾಡಲಿ.

ಕಾರವಾರ, ಅಂಕೋಲಾ, ಕುಮಟಾ ಕಡೆ ಉಪ್ಪುಗಾಳಿಗೆ ತಂತಿಯ ತುದಿಗಳು ಹಸಿರು ಕಿಲುಬು ಹಿಡಿಯುತ್ತವೆ. ಒಮ್ಮೆ ನಡೆದು ಒಮ್ಮೆ ನಿಲ್ಲುವ ಮೆಷಿನ್ನಿಗೆ ಎಷ್ಟೋ ಸಲ ಇದೇ ಕಾರಣ. ಪ್ಲಾಸ್ಟಿಕ್ ಹೊದಿಕೆ ಆಷಾಢದಲ್ಲಿ ತೇವವನ್ನು ಒಳಗೇ ಹಿಡಿದಿಡುತ್ತದೆ, ಆ ತಿಂಗಳುಗಳಲ್ಲಿ ತೆಗೆದೇ ಇಡಿ. ಅಡಿಭಾಗಕ್ಕೆ ಇಲಿ ಜಾಲರಿಯೂ ಬೇಕು.

ಮುಟ್ಟಿದರೆ ಮೈ ಜುಮ್ಮೆಂದರೆ ಮಾತ್ರ ಏನನ್ನೂ ಬಿಚ್ಚಬೇಡಿ. ಮೇನ್ ಆಫ್ ಮಾಡಿ ಪ್ಲಗ್ ತೆಗೆದು, ಅರ್ತಿಂಗ್ ನೋಡಲು ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.