ಲಿನಕ್ಸ್ ಸುದ್ದಿನ ನನ್ನ ಮಷೀನ್ ಜೊತೆ ಇಟ್ಟು ಓದೋದು: ನನ್ನ ಅನುಭವ

ಲಿನಕ್ಸ್ ಮತ್ತು ಓಪನ್ ಸೋರ್ಸ್ ಬಗ್ಗೆ ದಿನಾ ಬರೋದನ್ನೆಲ್ಲಾ ಓದ್ತಾ ಕೂತ್ರೆ ಬೇರೆ ಕೆಲಸ ಆಗಲ್ಲ, ಪೂರ್ತಿ ಬಿಟ್ಟುಬಿಟ್ರೆ ನಮ್ಮ ಸರ್ವರ್‌ನಲ್ಲಿ ಭದ್ರತೆಯ ತೂತು ಬಿದ್ದಿದ್ದೂ ಗೊತ್ತಾಗಲ್ಲ. ನಾನು ನೋಡ್ಕೊಳ್ಳೋದು ಕೆಲವು ಡೆಬಿಯನ್ ಸ್ಟೇಬಲ್ ಸರ್ವರ್‌ಗಳು, ಜೊತೆಗೆ ದಿನದ ಕೆಲಸಕ್ಕೆ ಆರ್ಚ್ ಇರೋ ಲ್ಯಾಪ್‌ಟಾಪು. ಡೆಬಿಯನ್, ಆರ್ಚ್ ಎರಡೂ ಡಿಸ್ಟ್ರೋಗಳು, ಅಂದ್ರೆ ಲಿನಕ್ಸನ್ನ ಬೇಕಾದ ಪ್ರೋಗ್ರಾಮ್‌ಗಳ ಪ್ಯಾಕೇಜ್ ಜೊತೆ ಕಟ್ಟಿ ಕೊಡೋ ಬೇರೆ ಬೇರೆ ರೂಪಗಳು. ಯಾವ ಸುದ್ದಿ ಬಂದ್ರೂ ಈಗ ನಾನು ಮೊದಲು ಕೇಳೋದು ಒಂದೇ, ಈ ಪ್ಯಾಕೇಜ್ ನನ್ನ ಹತ್ರ ಇದ್ಯಾ, ಇದ್ರೆ ಯಾವ ವರ್ಷನ್, ಅದು ಇಲ್ಲಿ ಓಡ್ತಿದ್ಯಾ. ಇದಕ್ಕೆ ಉತ್ತರ ಟರ್ಮಿನಲ್‌ನಲ್ಲೇ ಸಿಗತ್ತೆ, ಎರಡು ನಿಮಿಷದ ಕೆಲಸ.

ಓದೋಕೆ ನ್ಯೂಸ್‌ಬೋಟ್ ಬಳಸ್ತೀನಿ. ಟರ್ಮಿನಲ್‌ನಲ್ಲಿ ಓಡೋ ಆರ್‌ಎಸ್‌ಎಸ್ ರೀಡರ್ ಅದು, ಬೇರೆ ಬೇರೆ ಸೈಟ್‌ಗಳಲ್ಲಿ ಹೊಸದಾಗಿ ಬಂದಿದ್ದನ್ನ ಅವುಗಳ ಫೀಡ್‌ನಿಂದ ಒಂದೇ ಕಡೆ ತರತ್ತೆ, ಫೀಡ್ ವಿಳಾಸಗಳನ್ನ ಒಂದು ಟೆಕ್ಸ್ಟ್ ಫೈಲಲ್ಲಿ ಸಾಲಿಗೊಂದರ ಹಾಗೆ ಬರೆದಿಟ್ರೆ ಮುಗೀತು. ಅದ್ರಲ್ಲಿ ಡೆಬಿಯನ್ನಿನ ಸೆಕ್ಯುರಿಟಿ ಅಡ್ವೈಸರಿ (ತೂತುಗಳ ಬಗ್ಗೆ ಕೊಡೋ ಎಚ್ಚರಿಕೆ), ಆರ್ಚ್ ಸುದ್ದಿ, ಲಿನಕ್ಸ್ ಸುದ್ದಿಯ ಸೈಟ್ ಎಲ್‌ಡಬ್ಲ್ಯುಎನ್, ಆಮೇಲೆ ನಾನು ನಿಜವಾಗ್ಲೂ ಬಳಸೋ ಪ್ರೋಗ್ರಾಮ್‌ಗಳ ರಿಲೀಸ್ ಫೀಡು ಇಷ್ಟೇ ಇರೋದು. ಗಿಟ್‌ಹಬ್‌ನಲ್ಲಿರೋ ಪ್ರಾಜೆಕ್ಟ್ ಆದ್ರೆ ಅದರ ರಿಲೀಸ್ ಪೇಜಿನ ವಿಳಾಸದ ಕೊನೆಗೆ ಡಾಟ್ ಆಟಮ್ ಅಂತ ಸೇರಿಸಿದ್ರೆ ಸಾಕು ಫೀಡ್ ಬರತ್ತೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಎಲ್‌ಡಬ್ಲ್ಯುಎನ್ 1998ರಿಂದ ನಡೀತಿದೆ, ಚಂದಾದಾರರಿಗೆ ಮಾತ್ರ ಅಂತ ಇರೋ ಲೇಖನಗಳೂ ಸ್ವಲ್ಪ ದಿನ ಆದ್ಮೇಲೆ ಎಲ್ರಿಗೂ ತೆರೆಯತ್ತೆ, ಕರ್ನಲ್ (ಲಿನಕ್ಸಿನ ತಿರುಳು) ಒಳಗೆ ಏನು ಚರ್ಚೆ ನಡೀತಿದೆ ಅಂತ ತಿಳ್ಕೊಳ್ಳೋಕೆ ಅದಕ್ಕಿಂತ ಒಳ್ಳೇ ಜಾಗ ನಾನು ನೋಡಿಲ್ಲ, ಕೈಲಾದೋರು ದುಡ್ಡು ಕೊಟ್ಟೇ ಓದಬೇಕು ಅನ್ನೋದು ನನ್ನ ಅಭಿಪ್ರಾಯ.

ಈಗ ವರ್ಷನ್ ನಂಬರ್ ವಿಷಯಕ್ಕೆ ಬರ್ತೀನಿ, ಜನ ಅತಿ ಹೆಚ್ಚು ಗಾಬರಿ ಆಗೋದು ಇಲ್ಲೇ. 2024ರ ಜುಲೈ 1ಕ್ಕೆ ಕ್ವಾಲಿಸ್ ಅನ್ನೋ ಭದ್ರತಾ ಕಂಪನಿಯೋರು ಓಪನ್‌ಎಸ್‌ಎಸ್‌ಎಚ್‌ನಲ್ಲಿ (ಸರ್ವರ್‌ಗೆ ದೂರದಿಂದ ಲಾಗಿನ್ ಆಗೋ ಪ್ರೋಗ್ರಾಮ್) ರೆಗ್ರೆಶನ್ ತೂತು ಒಂದನ್ನ, ಅಂದ್ರೆ ಹಿಂದೆ ಮುಚ್ಚಿ ಮತ್ತೆ ತೆರೆದುಕೊಂಡಿದ್ದನ್ನ, ಹೊರಗೆ ಹಾಕಿದ್ರು, ಸಿವಿಇ-2024-6387. ಸಿವಿಇ ಅಂದ್ರೆ ಗೊತ್ತಾದ ತೂತುಗಳಿಗೆ ಕೊಡೋ ನಂಬರು. ಲಾಗಿನ್ನೇ ಆಗದೆ ಹೊರಗಿಂದ ರೂಟ್ (ಮಷೀನ್ ಮೇಲೆ ಪೂರ್ತಿ ಅಧಿಕಾರ) ಸಿಗಬಹುದು ಅನ್ನೋ ಥರದ್ದು, ಸಣ್ಣದೇನಲ್ಲ. ಸುದ್ದಿಲೆಲ್ಲಾ 9.8ಪಿ1ಗೆ ಅಪ್‌ಗ್ರೇಡ್ ಮಾಡಿ ಅಂತಲೇ ಇತ್ತು. ನನ್ನ ಸರ್ವರ್‌ಗಳಲ್ಲಿ ಇದ್ದಿದ್ದು ಡೆಬಿಯನ್ 12, ಅದ್ರಲ್ಲಿ ಓಪನ್‌ಎಸ್‌ಎಸ್‌ಎಚ್ 9.2ಪಿ1. ಸುದ್ದಿ ಮಾತ್ರ ಓದಿದೋರು ಇಲ್ಲಿ ಸೋರ್ಸ್ ತಂದು ತಾವೇ ಕಂಪೈಲ್ ಮಾಡೋಕೆ ಹೊರಡ್ತಾರೆ, ಆಮೇಲೆ ಆ ಪ್ಯಾಕೇಜನ್ನ ಜನ್ಮಪೂರ್ತಿ ಅವರೇ ನೋಡ್ಕೋಬೇಕಾಗತ್ತೆ. ಸ್ಟೇಬಲ್ ಡಿಸ್ಟ್ರೋ ಕೆಲಸ ಮಾಡೋದು ಹಾಗಲ್ಲ, ಹೊಸ ವರ್ಷನ್‌ನಿಂದ ಆ ಒಂದು ರಿಪೇರಿನ ಮಾತ್ರ ಬಿಡಿಸಿ ತಂದು ಹಳೇ ವರ್ಷನ್‌ಗೆ ಹಾಕ್ತಾರೆ, ಬ್ಯಾಕ್‌ಪೋರ್ಟ್ ಅಂತೀವಲ್ಲ ಅದು. ಹಾಗಾಗಿ ನಾನು ನೋಡಬೇಕಾಗಿದ್ದು 9.2 ಅನ್ನೋದನ್ನಲ್ಲ, ಅದರ ಬಾಲದಲ್ಲಿರೋ ಡೆಬ್12ಯು3 (ಡೆಬಿಯನ್ 12ಕ್ಕೆ ಬಂದ ಮೂರನೇ ಅಪ್‌ಡೇಟ್) ಅನ್ನೋದನ್ನ. ಡೆಬಿಯನ್ ಸೆಕ್ಯುರಿಟಿ ಟ್ರ್ಯಾಕರ್‌ನಲ್ಲಿ ಆ ಸಿವಿಇ ನಂಬರ್ ಹಾಕಿದ್ರೆ ಯಾವ ರಿಲೀಸಲ್ಲಿ ಯಾವ ವರ್ಷನ್‌ಗೆ ಸರಿಯಾಗಿದೆ ಅಂತ ಟೇಬಲ್ಲೇ ಬರತ್ತೆ, ಅದನ್ನ ಡೆಬಿಯನ್ನಿನ ಪ್ಯಾಕೇಜ್ ಟೂಲ್ ಡಿಪಿಕೆಜಿ ತೋರಿಸೋ ವರ್ಷನ್ ಜೊತೆ ಇಟ್ಟು ನೋಡಿದೆ, ಅಂಥದ್ದೇ ಇನ್ನೊಂದು ಟೂಲ್ ಆಪ್ಟ್‌ನಲ್ಲಿ ಚೇಂಜ್‌ಲಾಗ್ (ಬದಲಾವಣೆಗಳ ಪಟ್ಟಿ) ತೆಗೆದು ಅದೇ ನಂಬರ್ ಇದೆಯಾ ಅಂತ ಹುಡುಕಿದೆ. ಅಷ್ಟೇ. ಹಳೇ ಡೆಬಿಯನ್ 11ರಲ್ಲಿ ಇದ್ದ 8.4ಪಿ1ಗೆ ಈ ತೂತೇ ಇರಲಿಲ್ಲ, ಯಾಕಂದ್ರೆ ಅದು ಮತ್ತೆ ಒಳಗೆ ಬಂದಿದ್ದು 8.5ಪಿ1ರಲ್ಲಿ. ಹಳೇದು ಅಂದಮೇಲೆ ಅಪಾಯ ಅಂತ ಲೆಕ್ಕ ಹಾಕೋಕಾಗಲ್ಲ ನೋಡಿ.

ಪ್ಯಾಚ್ ಹಾಕಿದ ಮೇಲೂ ಒಂದು ಕೆಲಸ ಉಳಿಯತ್ತೆ. ಡಿಸ್ಕಲ್ಲಿ ಲೈಬ್ರರಿ (ಹಲವು ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸೋ ಕೋಡ್) ಬದಲಾದ್ರೂ ಆಗ್ಲೇ ಓಡ್ತಿರೋ ಪ್ರೋಸೆಸ್ ಹಳೇ ಲೈಬ್ರರಿನೇ ಮೆಮೊರಿಲಿ ಹಿಡ್ಕೊಂಡಿರತ್ತೆ, ರೀಸ್ಟಾರ್ಟ್ ಆಗೋವರೆಗೂ ಹಳೇ ತೂತು ಹಾಗೇ ತೆರೆದಿರತ್ತೆ. ಇದಕ್ಕೆ ನೀಡ್‌ರೀಸ್ಟಾರ್ಟ್ ಅನ್ನೋ ಪ್ಯಾಕೇಜ್ ಹಾಕಿದೀನಿ, ಯಾವ ಸರ್ವೀಸ್ ಮತ್ತೆ ಶುರು ಮಾಡ್ಬೇಕು ಅಂತ ಅದೇ ಹೇಳತ್ತೆ. 2024ರ ನವೆಂಬರ್‌ನಲ್ಲಿ ಇದೇ ನೀಡ್‌ರೀಸ್ಟಾರ್ಟ್ ಒಳಗೂ ರೂಟ್ ಕೊಡೋ ತೂತುಗಳು ಸಿಕ್ಕಿದ್ವು, 2014ರಿಂದಲೂ ಇದ್ದಿದ್ದು! ಅದಕ್ಕೇ ಕಾವಲಿಗೆ ಇಟ್ಟ ಟೂಲ್‌ಗಳ ಅಡ್ವೈಸರಿಯನ್ನೂ ಬಿಡದೆ ಓದ್ತೀನಿ. ಡೆಬ್‌ಸೆಕನ್ ಅಂತ ಇನ್ನೊಂದಿದೆ, ಇನ್‌ಸ್ಟಾಲ್ ಆಗಿರೋ ಪ್ಯಾಕೇಜ್‌ಗಳಲ್ಲಿ ಗೊತ್ತಿರೋ ತೂತುಗಳ ಪಟ್ಟಿ ಕೊಡತ್ತೆ, ಪಟ್ಟಿ ಉದ್ದ ಬಂತು ಅಂತ ಹೆದರ್ಕೋಬೇಡಿ. 2024ರ ಫೆಬ್ರವರಿಲಿ ಕರ್ನಲ್ ತಂಡ ತಾನೇ ಸಿವಿಇ ನಂಬರ್ ಕೊಡೋ ಅಧಿಕಾರ ತಗೊಂಡ ಮೇಲೆ ಭದ್ರತೆಗೆ ಸ್ವಲ್ಪ ಸಂಬಂಧ ಇರಬಹುದು ಅನ್ಸೋ ಬಗ್ ಫಿಕ್ಸ್‌ಗೂ ನಂಬರ್ ಬರ್ತಿದೆ, ಸಂಖ್ಯೆ ಏರಿದ್ದಕ್ಕೆ ಅದು ಕಾರಣ, ಕರ್ನಲ್ ಹಾಳಾಯ್ತು ಅಂತಲ್ಲ.

ಆರ್ಚ್ ಕಥೆ ಬೇರೆ. ಅಲ್ಲಿ ಎಲ್ಲಾ ಹೊಸ ವರ್ಷನ್ನೇ, ಹಾಗಾಗಿ ಅಪ್‌ಡೇಟ್ ಕೊಡೋ ಮುಂಚೆ ಅವರ ಸುದ್ದಿ ನೋಡಲೇಬೇಕು. 2025ರ ಜೂನ್‌ನಲ್ಲಿ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನ ತುಂಡು ತುಂಡಾಗಿ ಬೇರೆ ಬೇರೆ ಮಾಡಿದಾಗ ಹಳೇ ಪ್ಯಾಕೇಜನ್ನ ಕೈಯಾರೆ ತೆಗೆದು ಮತ್ತೆ ಹಾಕಬೇಕು ಅಂತ ಬರೆದಿದ್ರು. ಸುದ್ದಿ ಓದಿದೋರಿಗೆ ಎರಡು ಕಮಾಂಡು, ಓದದೇ ಇರೋರಿಗೆ ಅರ್ಥ ಆಗದ ಎರರ್ರು.

ಸಪೋರ್ಟ್ ಮುಗಿಯೋ ತಾರೀಕುಗಳನ್ನ ಕ್ಯಾಲೆಂಡರ್‌ನಲ್ಲೇ ಹಾಕಿಟ್ಟಿರ್ತೀನಿ. ಡೆಬಿಯನ್ ರಿಲೀಸ್‌ಗೆ ಮೂರು ವರ್ಷ, ಮೇಲೆ ಎಲ್‌ಟಿಎಸ್ (ದೀರ್ಘಾವಧಿ ಸಪೋರ್ಟ್) ಎರಡು ವರ್ಷ. ಆದ್ರೆ ತಾರೀಕೂ ಬದಲಾಗಬಹುದು, ಸೆಂಟ್‌ಒಎಸ್ 8 ಅನ್ನೋ ಇನ್ನೊಂದು ಡಿಸ್ಟ್ರೋ 2029ರವರೆಗೆ ಅಂದಿದ್ದು 2021ರ ಕೊನೆಗೇ ನಿಂತೋಯ್ತು, ಅದನ್ನ ತಿಳಿಸಿದ್ದು 2020ರ ಡಿಸೆಂಬರ್‌ನಲ್ಲಿ, ಅಂದ್ರೆ ಬೇರೆ ಕಡೆ ಹೋಗೋಕೆ ಸಿಕ್ಕಿದ್ದು ಬರೀ ಒಂದು ವರ್ಷ.

ಫೈಲ್‌ಗಳನ್ನ ಕುಗ್ಗಿಸೋ ಎಕ್ಸ್‌ಝಡ್ ಅನ್ನೋ ಟೂಲಿನ ವಿಷಯ ಹೇಳದೆ ಇರೋಕಾಗಲ್ಲ. 2024ರ ಮಾರ್ಚ್ 29ಕ್ಕೆ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಪ್ರೋಗ್ರಾಮರ್ ಅದ್ರಲ್ಲಿ ಬ್ಯಾಕ್‌ಡೋರ್ (ಬೇಕಂತಲೇ ಬಚ್ಚಿಟ್ಟ ಕಳ್ಳದಾರಿ) ಇದೆ ಅಂತ ಬರೆದಿದ್ದನ್ನ ಓದಿದ ತಕ್ಷಣ ನಾನು ಎಲ್ಲಾ ಸರ್ವರ್‌ಗಳಲ್ಲೂ ಎಕ್ಸ್‌ಝಡ್ ವರ್ಷನ್ ನೋಡಿದೆ, 5.4.1. ಬ್ಯಾಕ್‌ಡೋರ್ ಇದ್ದಿದ್ದು 5.6.0 ಮತ್ತೆ 5.6.1ರಲ್ಲಿ, ಹಾಗಾಗಿ ಡೆಬಿಯನ್ ಸ್ಟೇಬಲ್ ಬಚಾವು. ಫ್ರಾಯಿಂಡ್ ಅವರು ಡೆಬಿಯನ್ ಅನ್‌ಸ್ಟೇಬಲ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೆಲಸಕ್ಕೆ ವೇಗ ಅಳೀತಾ ಇದ್ದಾಗ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ತಗೋತಿದ್ದಿದ್ದನ್ನ ಬಿಡದೆ ಬೆನ್ನು ಹತ್ತಿ ಹೋದ್ರು. ಆ ಮೂಲ ಬರಹ ಓದಿದ್ರೆ ಮಾತ್ರ ತಿಳಿಯೋದು, ಬ್ಯಾಕ್‌ಡೋರನ್ನ ಚಾಲೂ ಮಾಡೋ ಸ್ಕ್ರಿಪ್ಟ್ ಎಲ್ರಿಗೂ ಕಾಣೋ ಗಿಟ್ ಕೋಡ್‌ನಲ್ಲಿ ಇರಲೇ ಇಲ್ಲ, ರಿಲೀಸ್ ಟಾರ್‌ಬಾಲ್‌ನಲ್ಲಿ (ಬಿಡುಗಡೆಗೆ ಕಟ್ಟಿ ಕೊಡೋ ಸೋರ್ಸ್ ಗಂಟು) ಮಾತ್ರ ಇತ್ತು, ಮತ್ತೆ ಎಸ್‌ಎಸ್‌ಎಚ್ ನೇರವಾಗಿ ಎಕ್ಸ್‌ಝಡ್ ಲೈಬ್ರರಿ ಬಳಸಲ್ಲ, ಸರ್ವೀಸ್‌ಗಳನ್ನ ನಡೆಸೋ ಸಿಸ್ಟಮ್‌ಡಿ ಜೊತೆ ಮಾತಾಡೋಕೆ ಕೆಲವು ಡಿಸ್ಟ್ರೋಗಳು ಹಾಕಿದ್ದ ಪ್ಯಾಚ್ ಮೂಲಕ ಅದು ಒಳಗೆ ಬರ್ತಿತ್ತು. ಲಿನಕ್ಸೇ ಹ್ಯಾಕ್ ಆಯ್ತು ಅನ್ನೋ ಹೆಡ್‌ಲೈನ್‌ಗಳಲ್ಲಿ ಇದ್ಯಾವುದೂ ಇರಲಿಲ್ಲ.

ಆದ್ರೆ ಆ ಘಟನೆಯಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಟೆಕ್ನಿಕಲ್ ಭಾಗ ಅಲ್ಲ. ವರ್ಷಗಟ್ಟಲೆ ಒಬ್ರೇ ಅನ್ನೋ ಹಾಗೆ ಆ ಪ್ರಾಜೆಕ್ಟ್ ನೋಡ್ಕೊಂಡು ಬಂದಿದ್ದ ಲಾಸ್ಸೆ ಕಾಲಿನ್ ಮೇಲೆ ಬೇಗ ಮಾಡಿ, ಬೇರೆಯೋರಿಗೆ ಕೊಡಿ ಅಂತ ಒತ್ತಡ ಹಾಕಿದ್ದು, ಜಿಯಾ ಟಾನ್ ಅನ್ನೋ ಹೆಸರಲ್ಲಿ ಬಂದೋರು ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡ್ತಾ ನಂಬಿಕೆ ಗಳಿಸಿದ್ದು, ಇದನ್ನೆಲ್ಲಾ ಓದಿದ ಮೇಲೆ ರಿಲೀಸ್ ಫೀಡ್ ನೋಡೋ ರೀತಿನೇ ಬದಲಾಯ್ತು. ಈಗ ಹೊಸ ವರ್ಷನ್ ಬಂದಾಗ ಯಾರು ಸೈನ್ ಮಾಡಿದಾರೆ, ಎಷ್ಟು ಜನ ಕೆಲಸ ಮಾಡ್ತಿದಾರೆ ಅಂತಲೂ ಕಣ್ಣಾಡಿಸ್ತೀನಿ, ಒಬ್ರೇ ಇದಾರೆ ಅಂತ ಕಂಡ್ರೆ ಡೆಬಿಯನ್ನಿನ ಬಗ್ ವರದಿ ಟೂಲ್ ರಿಪೋರ್ಟ್‌ಬಗ್‌ನಲ್ಲಿ ಬಗ್ ಹಾಕುವಾಗ ಮತ್ತೆ ಅದೇ ತೊಂದರೆ ಬರಿಸೋ ಹಂತಗಳು, ಲಾಗ್, ವರ್ಷನ್ ಎಲ್ಲಾ ಸೇರಿಸಿ, ಅವ್ರು ಮತ್ತೆ ಕೇಳೋ ಪ್ರಶ್ನೆ ಆದಷ್ಟು ಕಮ್ಮಿ ಆಗೋ ಹಾಗೆ ಬರೀತೀನಿ. ಡಾಕ್ಯುಮೆಂಟೇಶನ್‌ನಲ್ಲಿ ತಪ್ಪು ಕಂಡ್ರೆ ಪ್ಯಾಚನ್ನೇ ಕಳಿಸ್ತೀನಿ.