ಹಲ್ಲಿನ ಸಾಲಿನ ಬಾಗು ಸವೆದಿದೆಯೇ? ಬೆರಳಿಟ್ಟು ನೋಡುವುದು ಹೇಗೆ

ಉಡುಪಿಯ ನನ್ನ ದೊಡ್ಡಮ್ಮನಿಗೆ ಎಷ್ಟೋ ವರ್ಷದಿಂದ ಎಲೆ ಅಡಿಕೆ ಅಭ್ಯಾಸ, ಅದೂ ಬಲಗಡೆಯಲ್ಲೇ. ಈಗ ಆ ಬದಿಯ ದವಡೆ ಹಲ್ಲುಗಳು ಅರೆಯುವ ಕಲ್ಲಿನ ಹಾಗೆ ನುಣ್ಣಗಾಗಿವೆ. "ನೋವಿಲ್ಲ ಮಗಾ, ಮತ್ತೆ ಡಾಕ್ಟ್ರು ಯಾಕೆ?" ಅಂತಾರೆ. ನೋವಾಗದೆಯೇ ಬಾಗು ಕೆಡುತ್ತದೆ, ಕಷ್ಟ ಇರುವುದೇ ಅಲ್ಲಿ.

ಕೆಳಸಾಲಿನ ಹಲ್ಲು ಹಲಗೆಯ ಹಾಗೆ ಚಪ್ಪಟೆ ಇಲ್ಲ. ಪಕ್ಕದಿಂದ ನೋಡಿದರೆ ದೋಣಿಯ ತಳದ ಹಾಗೆ ಸ್ವಲ್ಪ ಬಾಗಿರುತ್ತದೆ. ಜರ್ಮನಿಯ ಫರ್ಡಿನಾಂಡ್ ವಾನ್ ಸ್ಪೀ 1890ರಲ್ಲಿ ಇದನ್ನು ವಿವರಿಸಿದರು, ಹಾಗಾಗಿ ಇದು ಸ್ಪೀ ಬಾಗು. ಎಡದಿಂದ ಬಲಕ್ಕೆ ಇರುವುದು ವಿಲ್ಸನ್ ಬಾಗು. ಕೆಳಗಿನ ದವಡೆ ಹಲ್ಲು ನಾಲಿಗೆ ಕಡೆ ಸ್ವಲ್ಪ ವಾಲಿರುತ್ತದೆ, ಅದಕ್ಕೇ ಕೆನ್ನೆ ಕಡೆಯ ಮೊನೆ ಎತ್ತರ, ನಾಲಿಗೆ ಕಡೆಯದು ತಗ್ಗು.

ಈಗ ಕೈ ತೊಳೆದು ಕನ್ನಡಿ ಮುಂದೆ ನಿಲ್ಲಿ. ಕೆಳಗಿನ ದವಡೆ ಹಲ್ಲಿನ ಮೇಲೆ ಕೆನ್ನೆ ಕಡೆಯಿಂದ ನಾಲಿಗೆ ಕಡೆಗೆ ಬೆರಳು ಆಡಿಸಿ. ಹೊರಗಿನ ಮೊನೆ ಸಿಕ್ಕಿದರೆ ಸರಿ ಇದೆ. ಅದು ನುಣ್ಣಗಾಗಿ, ಒಳಗಿನದೇ ಎತ್ತರ ಅನಿಸಿದರೆ ವಿಲ್ಸನ್ ಬಾಗು ಉಲ್ಟಾ ತಿರುಗುತ್ತಿದೆ ಅಂತ ಅರ್ಥ. ಯಾಕೆ? ಅಗಿಯುವಾಗ ಮೇಲಿನ ಹಲ್ಲಿನ ಗುಳಿಗೆ ಇಳಿದು ಕೆಲಸ ಮಾಡುವುದು ಆ ಹೊರಮೊನೆ, ಅದಕ್ಕೇ ಅದು ಮೊದಲು ಸವೆಯುತ್ತದೆ. ಹಳದಿ ಗುಳಿ ಕಂಡರೆ ಹಲ್ಲಿನ ಗಟ್ಟಿ ಹೊರಪದರ ಎನಾಮೆಲ್ ಹೋಗಿ ಒಳಗಿನ ಡೆಂಟಿನ್ ಬಂದಿದೆ, ಅದು ಮೆತ್ತಗೆ, ಇನ್ನೂ ಬೇಗ ಕರಗುತ್ತದೆ.

ಆಮೇಲೆ ಕೋರೆ ಹಲ್ಲು ನೋಡಿ. ದವಡೆ ಪಕ್ಕಕ್ಕೆ ಜಾರಿಸಿದಾಗ ಹಲವರಲ್ಲಿ ಕೋರೆ ಹಲ್ಲು ಹಿಂದಿನ ಹಲ್ಲುಗಳನ್ನು ಒಂದಕ್ಕೊಂದು ತಾಗದ ಹಾಗೆ ದೂರ ಇಡುತ್ತದೆ. ಅದರ ಮೊನೆ ಹೋದರೆ ಹಿಂದಿನವು ಒಂದಕ್ಕೊಂದು ಉಜ್ಜಿ, ಸವೆತ ಜಾಸ್ತಿಯಾಗುತ್ತದೆ. ಮುಂದಿನ ಹಲ್ಲು ಸವೆದರೆ ಇನ್ನೊಂದು ಮೋಸ, ಅವು ಮೂಳೆ ವಸಡು ಸಮೇತ ಮೆಲ್ಲಗೆ ಮೇಲೆ ಬರುತ್ತವೆ, ಹಾಗಾಗಿ ಮೇಲಿನ ಕೆಳಗಿನ ಹಲ್ಲಿನ ನಡುವೆ ಸಂದು ಕಾಣುವುದೇ ಇಲ್ಲ, ಸ್ಪೀ ಬಾಗು ಮಾತ್ರ ಮುಂದುಗಡೆ ಮೆಟ್ಟಿಲಿನ ಹಾಗೆ ಏರುತ್ತದೆ.

ಕಾರಣ ಹುಡುಕದೆ ಕ್ಯಾಪ್ ಹಾಕಿಸಿಕೊಳ್ಳಬೇಡಿ. ರಾತ್ರಿ ಹಲ್ಲು ಕಡಿಯುತ್ತೀರಾ ಅಂತ ಮನೆಯವರನ್ನು ಕೇಳಿ, ಹೌದಾದರೆ ಮಲಗುವಾಗ ಹಲ್ಲಿಗೆ ಹಾಕುವ ನೈಟ್ ಗಾರ್ಡ್ ಬೇಕಾಗಬಹುದು. ಉಮಿ ಸುಟ್ಟ ಕರಿಯಲ್ಲಿ ಉಜ್ಜುವವರು ಬಿಟ್ಟುಬಿಡಿ. ಪುನರ್ಪುಳಿ ಶರ್ಬತ್ತು ಕುಡಿದ ಕೂಡಲೇ ಬ್ರಷ್ ಮಾಡಬೇಡಿ, ಹುಳಿಗೆ ಎನಾಮೆಲ್ ಮೆತ್ತಗಾಗಿರುತ್ತದೆ, ನೀರಲ್ಲಿ ಮುಕ್ಕಳಿಸಿ ಒಂದು ಗಂಟೆ ಕಾಯಿರಿ. ಅಡಿಕೆಯಿಂದ ಬಾಯಿ ಕ್ಯಾನ್ಸರ್ ಕೂಡ ಬರುತ್ತದೆ, ಅದಂತೂ ಸವೆತಕ್ಕಿಂತ ದೊಡ್ಡ ಮಾತು.

ಕೊನೆಗೆ, ಎತ್ತರ ಅನಿಸಿದ ಒಂದೇ ಹಲ್ಲನ್ನು ಸುಮ್ನೆ ಉಜ್ಜಿಸಿ ತಗ್ಗಿಸಬೇಡಿ, ಇಡೀ ಸಾಲು ನೋಡಿಸಿ. ಮಣಿಪಾಲದಲ್ಲೂ ಮಂಗಳೂರಲ್ಲೂ ಡೆಂಟಲ್ ಕಾಲೇಜುಗಳಿವೆ ಅಲ್ವಾ, ಅಲ್ಲಿ ಹೋಗಿ ಎರಡೂ ಸಾಲಿನ ಅಚ್ಚು ತೆಗೆಸಿ ಇಟ್ಟುಕೊಳ್ಳಿ. ಮುಂದಿನ ವರ್ಷ ಇನ್ನೊಂದು ತೆಗೆಸಿ ಪಕ್ಕ ಪಕ್ಕ ಇಟ್ಟರೆ ಎಷ್ಟು ಸವೆದಿದೆ ಅಂತ ಡಾಕ್ಟರಿಗೆ ಗೊತ್ತಾಗುತ್ತದೆ. ದೊಡ್ಡಮ್ಮನ ಮೊದಲ ಅಚ್ಚು ಹೋದ ವಾರ ತೆಗೆಸಿದೆ.