18 ಇಂಚಿನ ತಿರುವಿನಲ್ಲಿ ಆರು ಅಚ್ಚಿನ ಇಂಜಿನ್: ನನ್ನ ಅನುಭವ

ಎಚ್‌ಒ ಅಳತೆಯ (ಅಸಲಿನ 87ನೇ ಒಂದು ಭಾಗದಷ್ಟಿರುವ) ಮಾದರಿ ರೈಲಿನ ಆರು ಅಚ್ಚಿನ (ಆಕ್ಸಲ್) ಡೀಸೆಲ್ ಇಂಜಿನ್, 18 ಇಂಚು ತ್ರಿಜ್ಯದ ತಿರುವು. ನೇರ ಹಳಿಯಿಂದ ತಿರುವಿಗೆ ಹೊರಳುವ ಜಾಗದಲ್ಲೇ ಮುಂದಿನ ಚಕ್ರ ಹಳಿ ಬಿಡುತ್ತಿತ್ತು.

ವೇಗ ತಗ್ಗಿಸಿದೆ, ಒಳಗೆ ಭಾರ ಸೇರಿಸಿದೆ. ಉಪಯೋಗವಿಲ್ಲ. ಚಕ್ರಗಳ ಅಂತರ ಸರಿಯಾಗೇ ಇತ್ತು.

ತಪ್ಪು ಹಳಿಯದು: ತಿರುವು ಒಮ್ಮೆಲೇ ಶುರುವಾಗುತ್ತಿತ್ತು, ಜೋಡಣೆಯೂ ಅಲ್ಲೇ ಮುರಿದಂತಿತ್ತು. ಮೊದಲು ಎರಡು ಫ್ಲೆಕ್ಸ್ (ಬೇಕಾದಂತೆ ಬಗ್ಗಿಸಬಹುದಾದ) ಹಳಿಗಳನ್ನು ನೇರವಾಗಿಟ್ಟು ಬೆಸುಗೆ ಹಾಕಿದೆ. ಆಮೇಲೆ ಬಗ್ಗಿಸಿದೆ. ಮೊದಲೇ ಬಗ್ಗಿಸಿದರೆ ಕೊನೆ ಸೆಟೆದುಕೊಳ್ಳುತ್ತದೆ, ಅಲ್ವಾ? ಪೂರ್ತಿ ವೃತ್ತವನ್ನು ನೇರ ಹಳಿಯ ಗೆರೆಯಿಂದ 8 ಮಿ.ಮೀ. ಒಳಗೆ ಸರಿಸಿ, ನಡುವಿನ 300 ಮಿ.ಮೀ. ಉದ್ದದಲ್ಲಿ ಬಾಗು ನಿಧಾನಕ್ಕೆ ಜಾಸ್ತಿಯಾಗುವಂತೆ ಮೊಳೆ ಹೊಡೆದೆ. ಎಡ-ಬಲ ತಿರುವುಗಳ ನಡುವೆ ಇಂಜಿನ್‌ಗಿಂತ ಉದ್ದದ ನೇರ ತುಂಡು ಹಾಕಿದೆ.

ಈಗ ಹಿಮ್ಮುಖವಾಗಿಯೂ ಓಡುತ್ತದೆ. ಇಂಜಿನ್‌ನ ಮೂತಿ ಮಾತ್ರ ತಿರುವಿನಲ್ಲಿ ಆಚೆ ಚಾಚುತ್ತದೆ, ಪಕ್ಕದಲ್ಲಿ ಕಂಬ ನೆಡಬೇಡಿ.